ಕೋಸಿನಲ್ಲೊಂದು ಹೊಸಿಲು

ನಮ್ಮ ಮನೆಯಲ್ಲಿ ಒಂದೇ ಸಲ ಕರೆದರೆ ಯಾರೂ ಓಗೊಡುತ್ತಿರಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಕೂಗಿದ ಮೇಲೆಯೇ 'ಓ' ಅನ್ನುವುದು. ಅದೇ ಅಭ್ಯಾಸವಾಗಿ ನಾನು ಶಾಲೆಯಲ್ಲಿ ಟೀಚರು ಹೆಸರು ಕರೆದಾಗಲೂ ಮೂರನೆಯ ಕರೆಗೆ ಕಾದು ಕೂತಿರುತ್ತಿದ್ದೆ. ಅವರು ಪಾಪ, ಹುಡುಗಿಗೆ ಕಿವಿ ಮಂದ ಇರಬೇಕೆಂದು ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿಯೇ ಇತ್ತು. ಅಮ್ಮ ಬೆಳೆದ ಬೆಂಗಳೂರಿನ ಬೀದಿಯಲ್ಲಿ ಒಂದು ಕಾಲಕ್ಕೆ ಎಲ್ಲರ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿರುತ್ತಿತ್ತಂತೆ. ಸತ್ತವರು ಮನೆಯವರ ದನಿಯಲ್ಲಿ ಬಂದು ಬಾಗಿಲಲ್ಲಿ ನಿಂತು ಕರೆಯುತ್ತಾರೆ, ಓಗೊಟ್ಟವರನ್ನು ತಮ್ಮ ಜೊತೆ ಕರೆದುಕೊಂಡು ಹೋಗುತ್ತಾರೆ ಎಂಬ ಭಯ. ಬರೆದದ್ದನ್ನು ಓದಿ ಅವರು ಹಿಂದೆ ಹೋಗುತ್ತಾರೆ, ಮಾರನೆಯ ದಿನ ಬಂದರೆ ಮತ್ತೆ ಅದೇ ಬರಹ. ಸತ್ತವರಿಗೆ ಒಂದೇ ಸಲ ಕರೆಯಲು ಆಗುವುದು, ಮೂರು ಸಲ ಕರೆದರೆ ಅದು ಮನುಷ್ಯರೇ. ಈ ಕಟ್ಟಳೆ ಕಡಲು ದಾಟಿ ನಮ್ಮ ಕ್ಯಾಂಪ್‌ಬೆಲ್‌ನ ಮನೆಗೆ ಬಂದದ್ದು ನನ್ನ ತಮ್ಮ ಅನಿ ಹೋದ ಮೇಲೆ.

ಆ ಮನೆ ಈಗಿಲ್ಲ. ಕೊಂಡವರು ಕೆಡವಿ ಗೋಡೆಗಿಂತ ಕಿಟಕಿಯೇ ಹೆಚ್ಚಿರುವ ಎರಡಂತಸ್ತಿನ ಮನೆ ಕಟ್ಟಿಕೊಂಡಿದ್ದಾರೆ. ಆದರೂ ಕಣ್ಣು ಮುಚ್ಚಿಕೊಂಡು ನಾನು ಅದರೊಳಗೆ ಎಲ್ಲೂ ಎಡವದೆ ಓಡಾಡಬಲ್ಲೆ. ಮುಂದೆ ಯಾರೂ ಕೂರದ ಹಾಲ್, ಬಲಕ್ಕೆ ಅಡುಗೆಮನೆ, ಅಲ್ಲಿ ಒಂದು ಕಾಲು ಗಿಡ್ಡವಾದ ಊಟದ ಟೇಬಲ್ಲು. ಅದರಡಿಗೆ ಮಡಿಸಿದ ರಟ್ಟು ತುರುಕಿ ನಿಲ್ಲಿಸಿದ್ದರು. ನಾನು ಕನ್ನಡದ ಅಕ್ಷರ ಕಲಿತದ್ದು ಆ ಟೇಬಲ್ಲಿನ ಮೇಲೆ. ನನಗೆ ಆರು ವರ್ಷವಿದ್ದಾಗ ಈ ದೇಶಕ್ಕೆ ಬಂದೆವು, ಭಾಷೆ ಎಲ್ಲಿ ಬಿಟ್ಟುಹೋಗುತ್ತದೋ ಎಂದು ಅಮ್ಮ ಶನಿವಾರ ಬೆಳಿಗ್ಗೆ ಕೂರಿಸಿಕೊಂಡು ತಿದ್ದಿಸುತ್ತಿದ್ದಳು. ಅನಿ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಕುರ್ಚಿ ಹತ್ತಿ ಮಂಡಿಯೂರಿ, ಕ್ರೇಯಾನಿನಲ್ಲಿ ವೃತ್ತಗಳನ್ನು ಬರೆದು, ತನಗೂ ಎಲ್ಲ ಬರುತ್ತದೆ ಎಂದು ಜಂಬ ಕೊಚ್ಚುತ್ತಿದ್ದ. ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ನಾಲ್ಕು ವರ್ಷ ಅವನಿಗೆ. ಒಂದು ವಾರದ ಜ್ವರ ತಲೆಗೇರಿತು, ಆಸ್ಪತ್ರೆಗೆ ಎತ್ತಿಕೊಂಡು ಹೋದರು, ವಾಪಸ್ಸು ಬಂದದ್ದು ಅಪ್ಪ ಅಮ್ಮ ಇಬ್ಬರೇ. ನನಗಾಗ ಎಂಟು. ಯಾರೂ ನನ್ನನ್ನು ಕೂರಿಸಿಕೊಂಡು ಹೀಗಾಯಿತು ಎಂದು ಹೇಳಲಿಲ್ಲ. 'ಅನಿ ಹೋದ' ಅಂದರು, ಅಷ್ಟೆ.

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗಲು ಒಂದು ಬಾಗಿಲಿತ್ತು. ಹಿತ್ತಿಲೇ ಇಲ್ಲದಿದ್ದರೂ ಅಮ್ಮ ಅದನ್ನು ಹಿತ್ತಿಲ ಬಾಗಿಲು ಅನ್ನುತ್ತಿದ್ದಳು. ನಾವು ಓಡಾಡುತ್ತಿದ್ದದ್ದೆಲ್ಲ ಅದರಲ್ಲೇ. ಅನಿ ಹೋದ ತಿಂಗಳಿಗೆ ಅಮ್ಮ ಅದರ ಹೊರಮೈ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಳು. ಅದನ್ನು ಅವಳು ಕಣ್ಣಿನ ಎತ್ತರಕ್ಕೆ ಬರೆಯಲಿಲ್ಲ. ಬಗ್ಗಿ, ಬಾಗಿಲ ಹಿಡಿಗಿಂತಲೂ ಕೆಳಗೆ, ಅನಿಯ ಮುಖ ಬರುವಲ್ಲಿಗೆ ಬರೆದಳು. ಶುಕ್ರವಾರ ಬಾಗಿಲು ಒರೆಸಿದ ಮೇಲೆ ಮತ್ತೆ ಬರೆಯುತ್ತಿದ್ದಳು. ಮಧ್ಯಾಹ್ನದ ಊಟವಾದದ್ದೇ ತಡ, ಒಳಗಡೆ ಆ ಬಾಗಿಲಿಗೆ ಎದುರಾಗಿ ಮಣೆ ಹಾಕಿಕೊಂಡು ಕೂತುಬಿಡುವಳು. ನಾನು ಶಾಲೆಯಿಂದ ಬಂದು ಬಾಗಿಲ ಹೊರಗೆ ನಿಂತು 'ಅಮ್ಮಾ' ಎಂದು ಕರೆಯಬೇಕು. ಮೊದಲ ಕರೆಗೆ ಒಳಗೆ ಮಣೆ ಸರಿದ ಸದ್ದಾಗುತ್ತಿತ್ತು. ಆಮೇಲೆ ಉಸಿರು ಹಿಡಿದಂಥ ಮೌನ. ಎರಡನೆಯ ಸಲ, ಮೂರನೆಯ ಸಲ ಕರೆದರೆ ಬಾಗಿಲು ತೆರೆದು,

"ಓ, ನೀನಾ," ಅನ್ನುವಳು.

ಬೈಗುಳವಾಗಿದ್ದರೆ ಮರೆತುಬಿಡುತ್ತಿದ್ದೆ. ಆ 'ನೀನಾ'ದಲ್ಲಿ ಬೈಗುಳವಿರಲಿಲ್ಲ. ಬೇರೆ ಯಾರಿಗೋ ಬಾಗಿಲು ತೆರೆದವರಿಗೆ ಪೋಸ್ಟಿನವನು ಕಂಡರೆ ಹೇಗೋ ಹಾಗೆ. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಇದೊಂದೇ: ಅಮ್ಮ ಆ ಬಾಗಿಲು ಬಿಟ್ಟು ಎದ್ದು ಬರಬೇಕು, ನನ್ನ ಹತ್ತಿರ ಬರಬೇಕು. ಬೊಂಬೆ ಬೇಡ, ಸೈಕಲ್ಲು ಬೇಡ, ದೇವರ ಮುಂದೆ ಕೂತು ಕೇಳಿಕೊಳ್ಳುತ್ತಿದ್ದದ್ದು ಅಷ್ಟನ್ನೇ.

ಅಪ್ಪ ರೆಡ್‌ವುಡ್ ಸಿಟಿಯ ಆಫೀಸಿನಿಂದ ಫ್ರೀವೇಯಲ್ಲಿ ತೆವಳಿಕೊಂಡು ಬರುವ ಹೊತ್ತಿಗೆ ಏಳು ದಾಟಿರುತ್ತಿತ್ತು. ಊಟಕ್ಕೆ ಕೂತರೆ ಸಾರಿಗೆ ಒಂದು ದಿನ ಉಪ್ಪಿರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಅಪ್ಪ ಮಾತಿಲ್ಲದೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು. ತೀರಾ ಸಾಧು ಮನುಷ್ಯ, ಸಿಟ್ಟು ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುವವರು. ಒಂದೇ ಒಂದು ದಿನ ಅವರು ತಡೆದುಕೊಳ್ಳಲಿಲ್ಲ. ಹಿಂದಿನ ದಿನ ಊಟಕ್ಕೆ ಬಂದಿದ್ದ ಯಾರೋ ಸ್ನೇಹಿತರು ಬಾಗಿಲ ಮೇಲಿನ ಬರಹ ನೋಡಿ ಮುಖ ಮುಖ ನೋಡಿಕೊಂಡಿದ್ದರು.

"ಸುಮಾ, ಅದನ್ನ ಅಳಿಸು. ಇದು ಕ್ಯಾಂಪ್‌ಬೆಲ್ಲು. ನೋಡಿದವರು ಏನಂದ್ಕೋತಾರೆ?"

"ಇಲ್ಲಿ ಯಾರಿಗ್ರೀ ಕನ್ನಡ ಓದೋಕೆ ಬರತ್ತೆ?"

"ಹಾಗಾದ್ರೆ ಇಲ್ಲಿನ ದೆವ್ವಕ್ಕೂ ಬರಲ್ಲ ಬಿಡು."

"ಬರೋದು ಯಾರು ಅಂತ ನಿಮಗೂ ಗೊತ್ತು, ನಂಗೂ ಗೊತ್ತು."

ಅಪ್ಪ ತಟ್ಟೆಯಿಂದ ಕೈ ತೆಗೆದರು. ಬಹಳ ಮೆಲ್ಲಗೆ ಅಂದರು:

"ಅವನಿಗೆ ಓದೋಕೆ ಬರ್ತಿರ್ಲಿಲ್ಲ ಸುಮಾ."

ಅಮ್ಮ ಹುಳಿಯ ಪಾತ್ರೆ ಅಲ್ಲೇ ಇಟ್ಟು ರೂಮಿಗೆ ಹೋದಳು. ಅಪ್ಪ ಪಾತ್ರೆ ತೊಳೆಯಲು ಹೋದರು. ನಾನು ಒಬ್ಬಳೇ ಟೇಬಲ್ಲಿನ ಮುಂದೆ ಕೂತು, ಅಪ್ಪ ಹೇಳಿದ್ದು ನಿಜವಲ್ಲವೇ ಎಂದು ಯೋಚಿಸತೊಡಗಿದೆ. ಓದಲು ಬಾರದವನನ್ನು ಬರಹ ಹೇಗೆ ತಡೆಯುತ್ತದೆ? ಅವನು ನೇರವಾಗಿ ಒಳಗೆ ಬಂದು ಅಮ್ಮನನ್ನು ಕರೆದುಕೊಂಡು ಹೋದರೆ? ಮಾರನೆಯ ದಿನ ಶಾಲೆಯಿಂದ ಬಂದವಳು, ಅಮ್ಮನನ್ನು ಕರೆಯುವ ಮುಂಚೆ, ಆ ಅಕ್ಷರಗಳ ಮೇಲೆ ಬೆರಳಿಟ್ಟು ಪಿಸುದನಿಯಲ್ಲಿ ಓದಿದೆ: ನಾ-ಳೆ-ಬಾ. ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಮೊದಮೊದಲು ಓದಿ ಮುಗಿಸಿದರೆ ಸಾಕೆನ್ನುವಷ್ಟು ಭಯ. ಆಮೇಲೆ ಭಯ ಹೋಯಿತು. ದಿನಾ ಒಂದೇ ಹೊತ್ತಿಗೆ ಒಬ್ಬರಿಗೆ ಒಂದೇ ಮಾತು ಹೇಳುತ್ತಿದ್ದರೆ ಅವರ ಮೇಲೆ ಎಷ್ಟು ದಿನ ಅಂತ ಭಯ ಉಳಿಯುತ್ತದೆ? ಗ್ಯಾರೇಜಿನ ಅರೆಗತ್ತಲಲ್ಲಿ, ವಾಷಿಂಗ್ ಮಿಷನ್ನಿನ ಪಕ್ಕ, ಅನಿ ನಿಂತಿರುತ್ತಿದ್ದ. ಕಾಣುತ್ತಿರಲಿಲ್ಲ. ಆದರೆ ನಿಂತಿರುತ್ತಿದ್ದ. ಯಾರು ನನ್ನ ಪೆನ್ಸಿಲು ಕದ್ದರು, ಲಂಚಿಗೆ ಏನಿತ್ತು ಎಂದು ಹೇಳಿ, ಕೊನೆಗೆ 'ನಾಳೆ ಬಾ' ಎಂದು ಓದಿ, ಆಮೇಲೆ ಅಮ್ಮನನ್ನು ಕರೆಯುತ್ತಿದ್ದೆ. ಆ ಮನೆಯಲ್ಲಿ ಆಗ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವನು ಅವನೊಬ್ಬನೇ.

ಹೀಗೆ ಎರಡು ವರ್ಷವಾಗುತ್ತ ಬಂದಿತ್ತು. ಡಾಕ್ಟರು, ಇವರನ್ನು ಸ್ವಲ್ಪ ದಿನ ಆ ಮನೆಯಿಂದ ಆಚೆ ಕರೆದುಕೊಂಡು ಹೋಗಿ ಎಂದು ಅಪ್ಪನಿಗೆ ಹೇಳಿದರು. ಊರಿಗೆ ಕರೆದುಕೊಂಡು ಹೋದರೆ ಬಂದವರೆಲ್ಲ ಅನಿಯ ಮಾತೆತ್ತಿ ಅಳಿಸುತ್ತಾರೆ. ಅಪ್ಪನ ಆಫೀಸಿನಲ್ಲಿ ಸ್ಟಾವ್ರೋಸ್ ಅಂತ ಗ್ರೀಸಿನವರು ಒಬ್ಬರಿದ್ದರು. ಅವರ ತಾಯಿ ಕೋಸ್ ಎಂಬ ದ್ವೀಪದ ಊರಿನಲ್ಲಿ ಒಬ್ಬರೇ ಇದ್ದರು, ಮೇಲಿನ ರೂಮು ಖಾಲಿ ಇತ್ತು. ಅಪ್ಪ ಹೆಚ್ಚು ಯೋಚಿಸದೆ ಟಿಕೆಟ್ಟು ಮಾಡಿಸಿದರು. ಅಮ್ಮ ಫೋನಿನ ಸ್ಪೀಕರ್ ಹಾಕಿ ಅಜ್ಜಿಗೆ ವಿಷಯ ತಿಳಿಸಿದಳು.

"ಕೋಸಿಗೆ ಹೋಗ್ತಿದೀವಮ್ಮ."

"ಕೋಸಿಗೆ ಅಷ್ಟು ದೂರ ಯಾಕೇ ಹೋಗ್ತೀರಿ? ನಿಮ್ಮೂರಿನ ಅಂಗಡೀಲಿ ಬರೀ ಹೂಕೋಸು ಸಿಗತ್ತಾ?"

ಅಪ್ಪ ನಕ್ಕರು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮನೂ ನಗುತ್ತಾಳೇನೋ ಎಂದು ಇಬ್ಬರೂ ಅವಳ ಕಡೆ ನೋಡಿದೆವು. ಅವಳು ಹಿತ್ತಿಲ ಬಾಗಿಲು ನೋಡುತ್ತಿದ್ದಳು. ಹೊರಡುವ ದಿನ ಅಪ್ಪ ಪೆಟ್ಟಿಗೆಗಳನ್ನೆಲ್ಲ ಕಾರಿಗೆ ಹಾಕಿದ ಮೇಲೂ ಬಗ್ಗಿ ಕೂತು ಅಕ್ಷರಗಳ ಮೇಲೆ ಇನ್ನೊಂದು ಸಲ ಸೀಮೆಸುಣ್ಣ ಓಡಿಸಿ ದಪ್ಪ ಮಾಡುತ್ತಿದ್ದಳು. ನನಗಿದ್ದ ಚಿಂತೆಯೇ ಬೇರೆ. ಬರೆದದ್ದೇನೋ ಇರುತ್ತದೆ, ನಾನಿಲ್ಲದಿದ್ದರೆ ಓದಿ ಹೇಳುವವರು ಯಾರು?

ಕೋಸ್ ಊರಿನಲ್ಲಿ ಪಾಳುಬಿದ್ದ ಊರು ಬೇರೆ, ಬದುಕಿರುವ ಊರು ಬೇರೆ ಅಂತಿಲ್ಲ. ಸ್ಕೂಟರು ಬಾಡಿಗೆಗೆ ಕೊಡುವ ಅಂಗಡಿಯ ಪಕ್ಕಕ್ಕೇ ತಗ್ಗು, ತಗ್ಗಿನಲ್ಲಿ ಗ್ರೀಕರ ಸಂತೆ ಬಯಲು, ಮುರಿದ ಕಂಬಗಳು, ಕಂಬದ ಮೇಲೆ ಮಲಗಿದ ಬೆಕ್ಕು. ಬೀದಿ ದಾಟಿದರೆ ರೋಮನ್ನರ ಕಾಲದ ಕಲ್ಲುಹಾಸಿನ ರಸ್ತೆ, ಅದರ ಮೇಲೆ ಗಾಡಿ ಚಕ್ರ ಕೊರೆದ ಗೆರೆ. ಹಿಂದೊಮ್ಮೆ ಭೂಕಂಪವಾಗಿ ಮೇಲಿನ ಊರು ಬಿದ್ದಾಗ ಅಡಿಯಲ್ಲಿದ್ದ ಈ ಊರು ಕಂಡಿತಂತೆ. ನಮ್ಮ ಕಡೆಯೂ ಭೂಮಿ ನಡುಗುತ್ತದೆ, ಶಾಲೆಯಲ್ಲಿ ಡೆಸ್ಕಿನಡಿ ನುಗ್ಗುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆದರೆ ನಮ್ಮ ಅಡಿಯಲ್ಲಿ ಇನ್ನೊಬ್ಬರ ಅಡುಗೆಮನೆ ಇರಬಹುದು ಎಂದು ಯಾರೂ ಹೇಳಿರಲಿಲ್ಲ. ಸ್ಟಾವ್ರೋಸರ ತಾಯಿ ಎಲೆನಿ ಕರಿಬಟ್ಟೆಯ ಗಟ್ಟಿ ಮುದುಕಿ, ಇಂಗ್ಲಿಷು ಅಷ್ಟಕ್ಕಷ್ಟೆ. ಬಂದ ದಿನವೇ ಅಂಜೂರದ ತಟ್ಟೆ ಮುಂದಿಟ್ಟು, ಬೆರಳೆತ್ತಿ, ಮಕ್ಕಳೆಷ್ಟು ಎಂದು ಕೇಳಿದರು. ಅಪ್ಪ ಒಂದು ಬೆರಳು ತೋರಿಸಿದರು. ಅದೇ ಗಳಿಗೆಗೆ ಅಮ್ಮ ಎರಡು ಬೆರಳು ತೋರಿಸಿದ್ದಳು. ಎಲೆನಿ ಇಬ್ಬರ ಕೈಯನ್ನೂ ನೋಡಿ, ಏನೂ ಕೇಳದೆ, ಅಮ್ಮನ ತಟ್ಟೆಗೆ ಇನ್ನೊಂದು ಅಂಜೂರ ಹಾಕಿದರು.

ಅಪ್ಪ ಗೈಡ್ ಪುಸ್ತಕ ಹಿಡಿದು ನಮ್ಮನ್ನು ದಿನಾ ಒಂದೊಂದು ಹಾಳುಮನೆಗೆ ಅಟ್ಟಿಕೊಂಡು ಹೋಗುತ್ತಿದ್ದರು. ದೇವಸ್ಥಾನದ ಮೆಟ್ಟಿಲು, ಸಂಗೀತದ ಸಭಾಂಗಣ ಅವರಿಗೆ ಅಷ್ಟು ರುಚಿಸಲಿಲ್ಲ. ಚರಂಡಿ ಕಂಡರೆ ಸಾಕು, ಮಂಡಿಯೂರಿ ಕೂತುಬಿಡುವರು. "ನೋಡು ಶಾಲೂ, ಸ್ಲೋಪು ನೋಡು. ಆಗ್ಲೇ ನೆಲದಡಿ ಬಿಸಿಗಾಳಿ ಬಿಟ್ಟು ಹೀಟಿಂಗ್ ಮಾಡ್ಕೊಂಡಿದ್ರು," ಎಂದು ತಾವೇ ಕಟ್ಟಿಸಿದವರಂತೆ ಹೆಮ್ಮೆ. ಅಮ್ಮ ಹೇಳಿದಲ್ಲಿ ಬರುತ್ತಿದ್ದಳು, ನಿಲ್ಲಿಸಿದಲ್ಲಿ ನಿಲ್ಲುತ್ತಿದ್ದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಿಸಿಲಿಳಿಯುವ ಮುಂಚೆ, ಒಂದು ರೋಮನ್ ಮನೆಯ ತಳಪಾಯದ ಹತ್ತಿರ ಬಂದೆವು. ಗೋಡೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು, ಕೆಲವು ಕಡೆ ಅದೂ ಇಲ್ಲ. ಅಪ್ಪ ಗೋಡೆ ದಾಟಿ ಒಳಗೆ ಹೋದರು. ಹಿಂದಿನಿಂದ ಅಮ್ಮ ಅಂದಳು:

"ರೀ, ಬಾಗಿಲಲ್ಲಿ ಬನ್ನಿ."

"ಗೋಡೇನೇ ಇಲ್ವಲ್ಲ ಮಾರಾಯ್ತಿ, ಬಾಗಿಲೆಲ್ಲಿ ಬಂತು?"

"ಅಲ್ಲಿದೆ ನೋಡಿ ಹೊಸಿಲು."

ನಿಜಕ್ಕೂ ಇತ್ತು. ಸವೆದ ಅಮೃತಶಿಲೆಯ ಉದ್ದನೆಯ ಕಲ್ಲು, ಬಾಗಿಲು ತಿರುಗುತ್ತಿದ್ದ ಜಾಗದಲ್ಲಿ ಎರಡು ಕುಳಿ. ಅಪ್ಪ ಹೊರಗೆ ಬಂದು, ಸುತ್ತಿಕೊಂಡು, ಹೊಸಿಲು ದಾಟಿ ಒಳಗೆ ಹೋದರು. ಅಮ್ಮ ಸೆರಗು ಸರಿಮಾಡಿಕೊಂಡು, ಕಲ್ಲನ್ನು ತುಳಿಯದೆ, ಬಲಗಾಲಿಟ್ಟು ದಾಟಿದಳು. ಒಳಗೆ ಹೋದ ಮೇಲೆ, ಅನಿ ಹೋದಂದಿನಿಂದ ನೋಡದಿದ್ದ ಒಂದನ್ನು ನೋಡಿದೆ. ಅಮ್ಮ ಮನೆ ನೋಡುತ್ತಿದ್ದಳು. ಇದು ನಡುಮನೆ, ಇಲ್ಲಿ ಬೆಳಕು ಬೀಳ್ತಿತ್ತು, ಇದು ಅಡುಗೆಮನೆ ಇರಬೇಕು, ಒಲೆ ಆ ಮೂಲೆಗಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ನಡೆದಳು. ಬಾವಿಯ ಕಲ್ಲಿನ ಬಾಯಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆಳವಾದ ಕಚ್ಚುಗಳಾಗಿದ್ದವು. ಒಂದರಲ್ಲಿ ಬೆರಳಿಟ್ಟು, "ಎಷ್ಟು ಜನ ಹೆಂಗಸರು ಸೇದಿದಾರೋ ಏನೋ," ಅಂದಳು. ಅಪ್ಪನಿಗೆ ಹುರುಪು ಬಂತು. ಪುಸ್ತಕ ಬಿಚ್ಚಿ ಜೋರಾಗಿ ಓದತೊಡಗಿದರು: ಆ ಕಾಲದವರಿಗೂ ಬಾಗಿಲ ಮೇಲೆ ಬರೆಯುವ ಪದ್ಧತಿ ಇತ್ತಂತೆ, ಈ ಮನೆಯಲ್ಲಿ ದೊಡ್ಡ ವೀರನೊಬ್ಬ ವಾಸವಾಗಿದ್ದಾನೆ, ಕೆಟ್ಟದ್ದೇನೂ ಒಳಗೆ ಬರ… ಅಲ್ಲಿಗೆ ಅವರಿಗೆ ತಾವು ಓದುತ್ತಿರುವುದು ಏನೆಂದು ತಿಳಿಯಿತು. ಪುಸ್ತಕ ಮುಚ್ಚಿ, ಆ ಕಡೆ ಚರಂಡಿ ಇದೆಯೇನೋ ನೋಡಿ ಬರುತ್ತೇನೆ ಎಂದು ಹೊರಟುಹೋದರು.

ಅಮ್ಮ ಬಾವಿಯ ಹತ್ತಿರವೇ ನಿಂತಳು. ಅವಳ ಮುಖ ಮತ್ತೆ ಬಾಗಿಲ ಕಡೆಗೆ, ಆ ಹೊಸಿಲಿನ ಕಡೆಗೆ ತಿರುಗಿತ್ತು. ಮನೆ ಬಿಟ್ಟು ಇಷ್ಟು ದೂರ ಬಂದರೂ ಅವಳಿಗೆ ಕಾಯಲು ಒಂದು ಬಾಗಿಲು ಸಿಕ್ಕಿಬಿಟ್ಟಿತಲ್ಲ ಎಂದುಕೊಂಡೆ. ನಾನು ಹೊಸಿಲಿನ ಹತ್ತಿರ ಹೋದೆ. ಅದು ನಾನು ಶಾಲೆಯಿಂದ ಬರುವ ಹೊತ್ತು. ಕ್ಯಾಂಪ್‌ಬೆಲ್‌ನಲ್ಲಿ ಈಗಿನ್ನೂ ನಸುಕು ಎಂದು ಅಪ್ಪ ಹೇಳಿದ್ದರು. ಅನಿ ಎಲ್ಲಿಯ ಗಡಿಯಾರ ನೋಡುತ್ತಾನೆ ಎಂದು ನಾನು ಬಂದ ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ, ನಾನಿರುವಲ್ಲಿಗೆ ತಾನೇ ಅವನು ಬರಬೇಕು ಎಂದುಕೊಂಡು ದಿನಾ ಎಲೆನಿಯವರ ಮನೆಯ ಮೆಟ್ಟಿಲಲ್ಲಿ ನಿಂತು ಹೇಳಿ ಮುಗಿಸುತ್ತಿದ್ದೆ. ಅವತ್ತು ಆ ಕಲ್ಲಿನ ಮುಂದೆ ನಿಂತೆ. ಎದುರಿಗೆ ಒಣಹುಲ್ಲು, ಅದರಾಚೆ ರಸ್ತೆ. ಅನಿ ಅಲ್ಲಿದ್ದ.

"ನಾಳೆ ಬಾ," ಅಂದೆ.

"ಏನಂದೆ?" ಅಮ್ಮ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

"ಏನಿಲ್ಲ."

"ಶಾಲೂ, ಈಗ ಏನಂದೆ? ಯಾರಿಗಂದೆ?"

"ಅನಿಗೆ." ಅವಳ ಮುಖ ನೋಡಲಾಗದೆ ಕಲ್ಲಿನ ಕುಳಿ ನೋಡುತ್ತ ಹೇಳಿದೆ. "ನೀನು ಬರೆದಿರೋದು ಅವನಿಗೆ ಓದೋಕೆ ಬರಲ್ವಲ್ಲಮ್ಮ. ದಿನಾ ನಾನೇ ಓದಿ ಹೇಳ್ತೀನಿ."

ಹೊಸಿಲ ಮೇಲೆ ಕೂರಬಾರದು ಎಂದು ನನಗೆ ಹೇಳಿಕೊಟ್ಟವಳೇ ಆ ಕಲ್ಲಿನ ಮೇಲೆ ಕುಸಿದು ಕೂತಳು. ಆಮೇಲೆ, ಯಾರಾದರೂ ಕೇಳಿಸಿಕೊಂಡುಬಿಟ್ಟಾರು ಅನ್ನುವ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು:

"ಅವನು ಏನಂತಾನೆ?"

"ಏನೂ ಅನ್ನಲ್ಲ. ಸುಮ್ನೆ ನಿಂತಿರ್ತಾನೆ."

"ನನ್ನ ಕೇಳ್ತಾನಾ?"

ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

"ನನ್ನೂ ಒಂದು ಸಲಾನೂ ಕರೀಲಿಲ್ಲ ಕಣೇ," ಅಂದಳು ಅಮ್ಮ. "ಅಳಿಸಿ ಅಳಿಸಿ ಬರೆದೆ, ದಿನಾ ಕಾದು ಕೂತೆ. ಮೂರು ಸಲ ಎಲ್ಲಿ ಬಂತು, ಒಂದೇ ಒಂದು ಸಲ ಅಮ್ಮಾ ಅಂದಿದ್ರೂ ಓ ಅಂದು ಹೋಗ್ಬಿಡ್ತಿದ್ದೆ."

ಅವಳು ಬರೆದದ್ದು ಅವನನ್ನು ತಡೆಯಲು ಅಲ್ಲ, ಅವನು ನಾಳೆಯೂ ಬರಲಿ ಎಂದು. ಅಲ್ಲಿ ಕೂತದ್ದು ನಮ್ಮನ್ನು ಕಾಯಲು ಅಲ್ಲ, ಅವನ ಜೊತೆ ಹೋಗಲು. ಹತ್ತು ವರ್ಷದ ಹುಡುಗಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು ಬಂತು.

"ನಾನು ಕರೀತಿದ್ನಲ್ಲಮ್ಮ," ಅಂದೆ. "ನಾನು ದಿನಾ ಕರೀತಿದ್ನಲ್ಲ."

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಬೆಳೆದ ಜಡೆ, ಗಿಡ್ಡವಾಗಿದ್ದ ಫ್ರಾಕು, ಮೊಣಕಾಲಿನ ಗಾಯ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ನನ್ನನ್ನು ಎಳೆದುಕೊಂಡು ಎದೆಗೆ ಒತ್ತಿಕೊಂಡು ಅತ್ತಳು. ಆ ಹಾಳುಮನೆಯ ಬಾಗಿಲಲ್ಲಿ, ಬಂದು ಹೋಗುವ ಪ್ರವಾಸಿಗಳ ಎದುರಿಗೆ, ಯಾವ ಸಂಕೋಚವೂ ಇಲ್ಲದೆ ಅತ್ತಳು. ದೂರದಲ್ಲಿ ಅಪ್ಪ ಕಂಬವೊಂದರ ಪಕ್ಕ ನಿಂತಿದ್ದರು, ಹತ್ತಿರ ಬರಲಿಲ್ಲ. ಅಳು ನಿಂತ ಮೇಲೆ ಅಮ್ಮ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಂಡು, ಎದ್ದು ನಿಂತಳು.

"ನಾಳೆ ಬಾ ನಾಳೆ ಬಾ ಅಂತ ಓಡಾಡ್ಸಿದ್ರೆ ಪಾಪ ಮಗು ಎಷ್ಟು ದಿನ ಓಡಾಡತ್ತೆ?" ಅಂದಳು. "ಕಾಲು ನೋಯಲ್ವಾ ಅದಕ್ಕೆ?"

ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದಳು:

"ಮನೆಯಿಂದ ಹೊರಟವರಿಗೆ ಏನನ್ನಬೇಕು?"

ಟೇಬಲ್ಲಿನ ಮೇಲೆ ಅಕ್ಷರ ತಿದ್ದಿಸುವಾಗ ಕೇಳುತ್ತಿದ್ದ ದನಿ ಅದು. ಉತ್ತರ ನನಗೆ ಗೊತ್ತಿತ್ತು. ಅಪ್ಪ ಆಫೀಸಿಗೆ ಹೊರಟರೆ, ನಾನು ಶಾಲೆಗೆ ಹೊರಟರೆ, ದಿನವೂ ಅನ್ನುವ ಮಾತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದ ಆ ದಿನದ ಗಾಬರಿಯಲ್ಲಿ ಅನಿಗೆ ಯಾರೂ ಅದನ್ನು ಹೇಳಿರಲಿಲ್ಲ. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಹೇಳಿಬಿಟ್ಟರೆ ಗ್ಯಾರೇಜಿನಲ್ಲಿ ನನ್ನ ಮಾತು ಕೇಳಲು ಯಾರಿರುತ್ತಾರೆ? ಅಮ್ಮ ನನ್ನ ಕೈ ಹಿಡಿದುಕೊಂಡಳು. ಹೊಸಿಲಿನಾಚೆಯ ಒಣಹುಲ್ಲನ್ನು ನೋಡುತ್ತ, ಬುತ್ತಿ ಕಟ್ಟಿಕೊಟ್ಟು ಕಳಿಸುವಾಗಿನಷ್ಟೇ ಸಹಜವಾಗಿ ಅಂದಳು:

"ಹೋಗಿ ಬಾ ಕಂದ."

ಆಮೇಲೆ ನನ್ನ ಕಡೆ ತಿರುಗಿ ಕಾದಳು. ನಾನೂ ಹೇಳಿದೆ. ಗಾಳಿಗೆ ಹುಲ್ಲು ಅಲ್ಲಾಡುತ್ತಿತ್ತು, ರಸ್ತೆಯಲ್ಲಿ ಸ್ಕೂಟರೊಂದು ಹೋಯಿತು. ಎರಡು ವರ್ಷ ಆ ಹೊತ್ತಿಗೆ ತಪ್ಪದೆ ನನ್ನೆದುರು ನಿಂತಿರುತ್ತಿದ್ದವನು ಅಲ್ಲಿರಲಿಲ್ಲ. ಅತ್ತ ಇತ್ತ ಕಣ್ಣಾಡಿಸಿದೆ, ಪಕ್ಕದ ಮೋಟುಗೋಡೆ ಹತ್ತಿ ನೋಡಿದೆ, ಎಲ್ಲೂ ಇರಲಿಲ್ಲ. ಅಮ್ಮ ನನ್ನ ಕೈ ಬಿಟ್ಟಿರಲಿಲ್ಲ, ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ದೇವರ ಮುಂದೆ ಕೂತು ಕೇಳಿಕೊಂಡದ್ದು ನನಗೆ ಸಿಕ್ಕಿತ್ತು. ತಮ್ಮ ಸತ್ತುಹೋಗಿದ್ದಾನೆ ಎಂದು ನಾನು ಅತ್ತದ್ದು ಅವತ್ತೇ ಮೊದಲು.